ಸಿಇಟಿ ಗಣಿತ: 17 ಪ್ರಶ್ನೆ ಮುಟ್ಟೋಕೇ ಆಗಲಿಲ್ಲ, ಟೈಮ್ ಹೇಗೆ ಹೊಂದಿಸುವುದು?

ಹಾನಗಲ್ ಹುಡುಗ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು, ಪಿಸಿಎಂಬಿ. ಊರು ಹಾನಗಲ್ ಹತ್ತಿರದ ಹಳ್ಳಿ. ಬೋರ್ಡ್ ಪರೀಕ್ಷೆಯ ಭಯ ನನಗೆ ಅಷ್ಟಿಲ್ಲ, ಬರೆಯುವುದು ಅಭ್ಯಾಸವಾಗಿದೆ. ಸಮಸ್ಯೆ ಇರುವುದು ಸಿಇಟಿಯದ್ದು.

ಮೊನ್ನೆ ಭಾನುವಾರ ಮನೆಯಲ್ಲೇ ಹಳೆಯ ಗಣಿತದ ಪೇಪರ್ ಒಂದನ್ನು ಗಡಿಯಾರ ಇಟ್ಟುಕೊಂಡು ಬರೆದೆ. 60 ಪ್ರಶ್ನೆ, 80 ನಿಮಿಷ. 43ಕ್ಕೆ ಉತ್ತರ ಬರೆಯುವಷ್ಟರಲ್ಲಿ ಟೈಮ್ ಮುಗಿಯಿತು. ಅದರಲ್ಲಿ 31 ಸರಿ. ಉಳಿದ 17 ಪ್ರಶ್ನೆ ಓದಲೂ ಇಲ್ಲ, ಹಾಗೇ ಖಾಲಿ ಬಿಟ್ಟೆ. ಹೊಟ್ಟೆ ಉರಿಯುವ ವಿಷಯ ಏನೆಂದರೆ, ರಾತ್ರಿ ಊಟ ಆದ ಮೇಲೆ ಆ 17ನ್ನು ಸುಮ್ನೆ ಕೂತು ಬಿಡಿಸಿದಾಗ 13 ಸರಿ ಬಂದವು!

ಅಂದರೆ ನನಗೆ ಗೊತ್ತಿದೆ, ಆದರೆ ಕೈ ಓಡುವುದಿಲ್ಲ. ಫಿಸಿಕ್ಸ್ ಕೂಡ ಸ್ವಲ್ಪ ಹೀಗೇ. ಇಂಜಿನಿಯರಿಂಗ್ ಆದರೂ ಸರಿ, ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಸಿಕ್ಕಿದರೆ ಇನ್ನೂ ಖುಷಿ. ಸ್ಪೀಡ್ ಹೆಚ್ಚಿಸಲು ಏನು ಮಾಡಬೇಕು?

—

ಕಳೆದ ಬ್ಯಾಚ್ ಅಕ್ಕ:

ತಮ್ಮಾ, ಮೊದಲು ಒಂದು ಕೆಟ್ಟ ಸುದ್ದಿ. ನಿನಗೆ 80 ನಿಮಿಷ ಇಲ್ಲ, 70 ಇದೆ.

ಪ್ರಶ್ನೆಪತ್ರಿಕೆ ಕೈಗೆ ಬರುವುದು 10.30ಕ್ಕೆ. ಅದನ್ನು ತೆರೆದು ಉತ್ತರಿಸಲು ಬಿಡುವುದು 10.40ರ ಬೆಲ್ ಆದ ಮೇಲೆ. 11.50ಕ್ಕೆ ಮುಗಿಯಿತು. ಮಧ್ಯಾಹ್ನದ ಪೇಪರ್ 2.30ರಿಂದ 3.50, ಅದೂ ಇದೇ ಲೆಕ್ಕ. ಮೊದಲ ಹತ್ತು ನಿಮಿಷ ಹೆಸರು, ನಂಬರ್, ವರ್ಷನ್ ಕೋಡ್, ಸಹಿ ಅಂತ ಹೋಗುತ್ತದೆ. ಪೇಪರ್‌ನ ಮುಖಪುಟದಲ್ಲೇ ಒಟ್ಟು ಅವಧಿ 80, ಉತ್ತರಿಸಲು 70 ಎಂದು ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

70 ನಿಮಿಷಕ್ಕೆ 60 ಪ್ರಶ್ನೆ ಅಂದರೆ ಒಂದಕ್ಕೆ 70 ಸೆಕೆಂಡ್. ಅದರಲ್ಲೇ ಓಎಂಆರ್ ಶೀಟಿನಲ್ಲಿ ವೃತ್ತ ತುಂಬಬೇಕು. ಬಾಲ್ ಪೆನ್ನಲ್ಲಿ ಪೂರ್ತಿ ತುಂಬಲು 5 ಸೆಕೆಂಡ್ ಹಿಡಿ, 60ಕ್ಕೆ 5 ನಿಮಿಷ ಅಲ್ಲೇ ಹೋಯಿತು. ಉಳಿದದ್ದು ಪ್ರಶ್ನೆಗೆ 65 ಸೆಕೆಂಡ್. ಆದ್ದರಿಂದ ಮನೆಯಲ್ಲಿ ಬರೆಯುವಾಗ 70 ನಿಮಿಷಕ್ಕೇ ಅಲಾರಾಂ ಇಡು. ಓಎಂಆರ್ ಪ್ರಿಂಟ್ ತೆಗೆದುಕೊಂಡು ನಿಜವಾಗಿ ತುಂಬು. ಪುಸ್ತಕದಲ್ಲಿ ಟಿಕ್ ಹಾಕಿದ್ದು ಅಭ್ಯಾಸ ಅಲ್ಲ.

—

ಹಾನಗಲ್ ಹುಡುಗ:

ಅಯ್ಯೋ ಅಕ್ಕ, ನಾನು ಬರೆದಿದ್ದು 80ಕ್ಕೆ, ಅದೂ ಟಿಕ್ ಹಾಕಿ. ಹಾಗಾದರೆ ನಿಜವಾದ ಪರೀಕ್ಷೆಯಲ್ಲಿ 35 ಪ್ರಶ್ನೆಯೂ ಮುಗಿಯುತ್ತಿರಲಿಲ್ಲ.

—

ನಿವೃತ್ತ ಮೇಷ್ಟ್ರು:

ಮಗಾ, ನಾನು ಪಿಯುನಲ್ಲಿ ಗಣಿತ ಹೇಳುತ್ತಿದ್ದವನು. ನಿನ್ನ ಪತ್ರ ಓದಿ ನಗು ಬಂತು, ಯಾಕೆಂದರೆ ಇದನ್ನೇ ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. "ಸರ್, ಎಲ್ಲಾ ಗೊತ್ತಿತ್ತು, ಟೈಮ್ ಸಾಲಲಿಲ್ಲ."

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಖಾಲಿ ಬಿಟ್ಟ 17ರ ಬಗ್ಗೆ ಅಳುತ್ತಿದ್ದೀಯ. ಉತ್ತರ ಬರೆದ 43ರಲ್ಲಿ 12 ತಪ್ಪಾಗಿವೆಯಲ್ಲ, ಅವು ಎಷ್ಟು ಹೊತ್ತು ತಿಂದವು ನೋಡಿದ್ದೀಯಾ? ಆ 12ರ ಎದುರು ಅಂದಾಜು ಸಮಯ ಬರೆದು ಇಲ್ಲಿ ಹಾಕು. ನಿನ್ನ ಕೈ ನಿಧಾನ ಇಲ್ಲ ಅಂತ ನನ್ನ ಅನುಮಾನ. ನಿನಗೆ ಬಿಡಲು ಬರುವುದಿಲ್ಲ ಅಷ್ಟೇ.

ಬೋರ್ಡ್ ಪರೀಕ್ಷೆ ನಮಗೆ ಕಲಿಸುವುದೇ ಹಿಡಿದ ಲೆಕ್ಕವನ್ನು ಕೊನೆ ಮುಟ್ಟಿಸುವುದನ್ನು. ಅಲ್ಲಿ ಅರ್ಧ ಮಾಡಿದರೂ ಸ್ಟೆಪ್‌ಗೆ ಅಂಕ ಉಂಟು. ಸಿಇಟಿಯಲ್ಲಿ ಅರ್ಧ ಮಾಡಿದ ಲೆಕ್ಕಕ್ಕೆ ಸೊನ್ನೆ. ಚೆನ್ನಾಗಿ ಓದುವ ಹುಡುಗರೇ ಇಲ್ಲಿ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ. "ನನಗೆ ಬರುವ ಲೆಕ್ಕ ಇದು, ಬಿಡೋದು ಹೇಗೆ?" ಎಂಬ ಹಟ.

—

ಹಾನಗಲ್ ಹುಡುಗ:

ಸರ್, ಮತ್ತೆ ಮಾಡಿ ನೋಡಿ ಅಂದಾಜು ಬರೆದಿದ್ದೇನೆ. ಎರಡು ರೇಖೆಗಳ ನಡುವಿನ ಕನಿಷ್ಠ ದೂರ, ಸುಮಾರು 4 ನಿಮಿಷ, ಕೊನೆಗೆ ಮೈನಸ್ ಚಿಹ್ನೆ ತಪ್ಪಿ ಹೋಯಿತು. ಲೀನಿಯರ್ ಪ್ರೋಗ್ರಾಮಿಂಗ್ ಒಂದು, ಗ್ರಾಫ್ ಬರೆಯುತ್ತಾ ಕೂತು 3 ನಿಮಿಷ. ಸಂಭವನೀಯತೆ ಒಂದು, 3 ನಿಮಿಷ, ಪ್ರಶ್ನೆ ತಪ್ಪಾಗಿ ಓದಿದ್ದೆ. ಎಲ್ಲಕ್ಕಿಂತ ಕೆಟ್ಟದ್ದು ಒಂದು ಇಂಟಿಗ್ರಲ್: ಲಿಮಿಟ್ 2ರಿಂದ 8, ಮೇಲೆ ರೂಟ್ 10 ಮೈನಸ್ ಎಕ್ಸ್, ಕೆಳಗೆ ರೂಟ್ ಎಕ್ಸ್ ಪ್ಲಸ್ ರೂಟ್ 10 ಮೈನಸ್ ಎಕ್ಸ್. ಸಬ್‌ಸ್ಟಿಟ್ಯೂಷನ್ ಹಾಕಿ 6 ನಿಮಿಷ ಒದ್ದಾಡಿದೆ. ಉತ್ತರವೂ ತಪ್ಪು. ಈ ನಾಲ್ಕೇ 16 ನಿಮಿಷ ಆಯಿತು.

—

ನಿವೃತ್ತ ಮೇಷ್ಟ್ರು:

ನೋಡಿದೆಯಾ? ನಾಲ್ಕು ತಪ್ಪು ಉತ್ತರಕ್ಕೆ 16 ನಿಮಿಷ. ಬಿಟ್ಟ 17ರಲ್ಲಿ ಹತ್ತಕ್ಕಾದರೂ ಅದು ಸಾಕಾಗುತ್ತಿತ್ತು.

ಆ ಇಂಟಿಗ್ರಲ್ ಬಗ್ಗೆ ಹೇಳಲೇಬೇಕು, ಅದು ಬಹಳ ಸೊಗಸಾದ ಪ್ರಶ್ನೆ. ಎರಡು ಲಿಮಿಟ್ ಕೂಡಿಸು, 10. ಎಕ್ಸ್ ಇದ್ದ ಕಡೆಯೆಲ್ಲ 10 ಮೈನಸ್ ಎಕ್ಸ್ ಹಾಕು. ಮೇಲಿನದು ರೂಟ್ ಎಕ್ಸ್ ಆಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಹಳೆಯದನ್ನೂ ಹೊಸದನ್ನೂ ಕೂಡಿಸಿದರೆ ಒಳಗೆ ಉಳಿಯುವುದು ಬರೀ 1. 2ರಿಂದ 8ರವರೆಗೆ 1ರ ಇಂಟಿಗ್ರಲ್ 6. ಅದು ಎರಡು ಪಟ್ಟು, ಹಾಗಾಗಿ ಉತ್ತರ 3. ಲಿಮಿಟ್‌ಗಳ ವ್ಯತ್ಯಾಸದ ಅರ್ಧ. ಒಮ್ಮೆ ಗುರುತು ಸಿಕ್ಕಿದರೆ 10 ಸೆಕೆಂಡ್ ಸಾಕು, ಪೆನ್ ಎತ್ತುವ ಕೆಲಸವೂ ಇಲ್ಲ. 0ಯಿಂದ 90 ಡಿಗ್ರಿವರೆಗೆ ಸೈನ್ ಮೇಲೆ, ಸೈನ್ ಪ್ಲಸ್ ಕಾಸ್ ಕೆಳಗೆ ಇದ್ದರೂ ಇದೇ ಆಟ, ಉತ್ತರ ಪೈ ಬೈ 4. ಘಾತ ಎಷ್ಟೇ ಇರಲಿ.

ಇದು ನಿನ್ನ ಪಠ್ಯಪುಸ್ತಕದಲ್ಲೇ ಇದೆ. ಡೆಫಿನಿಟ್ ಇಂಟಿಗ್ರಲ್ ಗುಣಗಳಲ್ಲಿ ಒಂದು. ಬೋರ್ಡ್‌ಗೆ ಸಾಧನೆ ಬರೆದು ಬಾಯಿಪಾಠ ಮಾಡಿರುತ್ತೀಯ. ಆದರೆ ಪ್ರಶ್ನೆಯಲ್ಲಿ ಕಂಡಾಗ ಅದೇ ಇದು ಅಂತ ಹೊಳೆಯಲಿಲ್ಲ. ಸಿಇಟಿಯ ವೇಗ ಅಂದರೆ ಮುಖ್ಯವಾಗಿ ಈ ಗುರುತು ಹಿಡಿಯುವುದು.

ಇನ್ನು ಕ್ರಮ. ಮೊದಲ ಸುತ್ತಿನಲ್ಲಿ 1ರಿಂದ 60ರವರೆಗೆ ಹೋಗು. ಪ್ರಶ್ನೆ ಓದಿ ಹತ್ತು ಹದಿನೈದು ಸೆಕೆಂಡಿನಲ್ಲಿ ದಾರಿ ಕಂಡರೆ ಮಾಡು. ದಾರಿ ಗೊತ್ತು ಆದರೆ ಉದ್ದ ಅನ್ನಿಸಿದರೆ ನಂಬರ್ ಪಕ್ಕ ಒಂದು ಗೆರೆ. ಏನೂ ಹೊಳೆಯದಿದ್ದರೆ ಎರಡು ಗೆರೆ. ಮೊದಲ ಸುತ್ತು 35 ನಿಮಿಷ ದಾಟಬಾರದು. ಎರಡನೇ ಸುತ್ತು ಒಂದು ಗೆರೆಯವಕ್ಕೆ ಮಾತ್ರ. ಎರಡು ಗೆರೆಯವು ಕೊನೆಗೆ, ಟೈಮ್ ಇದ್ದರೆ. ಕನಿಷ್ಠ ದೂರದ ಲೆಕ್ಕ ಯಾವಾಗಲೂ ಒಂದು ಗೆರೆಯದ್ದು. ಅದನ್ನು 9ನೇ ನಿಮಿಷದಲ್ಲಿ ಮಾಡಬಾರದು.

—

ಪೈಪೆಟ್:

ಮೇಷ್ಟ್ರು ಹೇಳಿದ್ದಕ್ಕೆ ಫಿಸಿಕ್ಸ್ ಕಡೆಯಿಂದ ನನ್ನದೂ ಒಂದಿಷ್ಟು. ಫಿಸಿಕ್ಸಿನಲ್ಲಿ ಲೆಕ್ಕ ಚಿಕ್ಕದು, ಮೋಸ ಒಂದೇ ಪದದಲ್ಲಿ ಇರುತ್ತದೆ. ಕೆಪ್ಯಾಸಿಟರ್ ಒಳಗೆ ಡೈಎಲೆಕ್ಟ್ರಿಕ್ ತೂರಿಸುವ ಪ್ರಶ್ನೆ ನೆನಪಿಸಿಕೊಳ್ಳಿ. ಬ್ಯಾಟರಿ ತೆಗೆದ ಮೇಲೆ ತೂರಿಸಿದರೆ ಚಾರ್ಜ್ ಹಾಗೇ ಇರುತ್ತದೆ, ಶಕ್ತಿ ಕೆ ಪಟ್ಟು ಕಡಿಮೆ (ಕೆ ಅಂದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ). ಬ್ಯಾಟರಿ ಇರುವಾಗಲೇ ತೂರಿಸಿದರೆ ವೋಲ್ಟೇಜ್ ಹಾಗೇ ಇರುತ್ತದೆ, ಶಕ್ತಿ ಕೆ ಪಟ್ಟು ಜಾಸ್ತಿ. ಎರಡೂ ಉತ್ತರ ಆಯ್ಕೆಗಳಲ್ಲಿ ಇದ್ದೇ ಇರುತ್ತವೆ. ಅವಸರದಲ್ಲಿ "ತೆಗೆದ ಮೇಲೆ" ಅನ್ನುವುದನ್ನು ಓದದಿದ್ದರೆ ಸೂತ್ರ ಗೊತ್ತಿದ್ದೂ ಹೋಯಿತು. ನಾನು ಇಂಥ ಪದದ ಕೆಳಗೆ ಗೆರೆ ಎಳೆಯುತ್ತಿದ್ದೆ. 2 ಸೆಕೆಂಡ್ ಖರ್ಚು, ಪರವಾಗಿಲ್ಲ.

ತಂತಿಯನ್ನು ಎಳೆದು ಉದ್ದ ಎರಡು ಪಟ್ಟು ಮಾಡಿದರೆ ರೋಧ 4 ಪಟ್ಟು (ಉದ್ದ ಹೆಚ್ಚಿತು, ದಪ್ಪವೂ ಇಳಿಯಿತು). ಇಂಥವು ನಾಲಿಗೆ ತುದಿಯಲ್ಲಿರಬೇಕು. ಫೋಟೋಎಲೆಕ್ಟ್ರಿಕ್ ಲೆಕ್ಕಕ್ಕೆ 1240 ಒಂದನ್ನು ನೆನಪಿಡಿ. ತರಂಗಾಂತರ 310 ನ್ಯಾನೋಮೀಟರ್ ಕೊಟ್ಟರೆ 1240 ಭಾಗಿಸು 310, ಶಕ್ತಿ 4 ಎಲೆಕ್ಟ್ರಾನ್ ವೋಲ್ಟ್. ವರ್ಕ್ ಫಂಕ್ಷನ್ 2 ಇದ್ದರೆ ಸ್ಟಾಪಿಂಗ್ ಪೊಟೆನ್ಶಿಯಲ್ 2 ವೋಲ್ಟ್. ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗಕ್ಕೆ ಗುಣಿಸುತ್ತಾ ಕೂತವರು ಅಲ್ಲೇ ಕೂತಿರುತ್ತಾರೆ. ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ ಇಲ್ಲ. ಲಾಗ್ 2 ಅಂದರೆ 0.301, ಲಾಗ್ 3 ಅಂದರೆ 0.477, ಇವೆರಡು ಬಂದರೆ ಮುಕ್ಕಾಲು ಪಾಲು ಕೆಲಸ ಆಯಿತು.

ಕೆಮಿಸ್ಟ್ರಿಯಲ್ಲಿ ಫಸ್ಟ್ ಆರ್ಡರ್ ಕ್ರಿಯೆ 75% ಮುಗಿಯಲು ಎರಡು ಅರ್ಧಾಯು, 99.9% ಮುಗಿಯಲು ಸುಮಾರು ಹತ್ತು ಅರ್ಧಾಯು. ಸೂತ್ರ ಹಾಕುವ ಹಾಗೇ ಇಲ್ಲ.

—

ಕೋಡಿಂಗ್ ಕೂಲಿ:

ಆಯ್ಕೆಗಳು ಎದುರಿಗೇ ಇರುವಾಗ ಪೂರ್ತಿ ಲೆಕ್ಕ ಮಾಡುವುದೇಕೆ? ಬೆಲೆ ಹಾಕಿ ನೋಡಿ. ಸೈನ್ ನಾಲ್ಕನೇ ಘಾತ ಪ್ಲಸ್ ಕಾಸ್ ನಾಲ್ಕನೇ ಘಾತ ಯಾವುದಕ್ಕೆ ಸಮ ಅಂತ ಕೇಳಿದರೆ ಥೀಟಾಗೆ 45 ಡಿಗ್ರಿ ಹಾಕು, ಅರ್ಧ ಬರುತ್ತದೆ. ಆಯ್ಕೆಗಳಲ್ಲೂ 45 ಹಾಕು, ಅರ್ಧ ಕೊಡುವುದನ್ನು ಗುರುತು ಮಾಡು. ನಾನು ಹೀಗೇ ಪಾಸಾಗಿದ್ದು, ಈಗ ಇಂಜಿನಿಯರ್.

—

ನಿವೃತ್ತ ಮೇಷ್ಟ್ರು:

ಉಪಾಯ ಸರಿ, ಆದರೆ ಒಂದೇ ಬೆಲೆಗೆ ನಂಬಬೇಡಿ. ಎರಡು ಆಯ್ಕೆ ಒಂದೇ ಬೆಲೆಗೆ ಒಂದೇ ಉತ್ತರ ಕೊಡುವಂತೆ ಪೇಪರ್ ಮಾಡುವವರು ಇಟ್ಟಿರುತ್ತಾರೆ. ಅವರೂ ಮೇಷ್ಟ್ರುಗಳೇ ಅಲ್ವಾ. ಒಂದಕ್ಕಿಂತ ಹೆಚ್ಚು ಹೊಂದಿದರೆ 30 ಡಿಗ್ರಿಯನ್ನೂ ಹಾಕಿ ನೋಡಿ. 0 ಹಾಕುವುದಂತೂ ಬಹಳ ಸಲ ಉಪಯೋಗಕ್ಕೆ ಬರುವುದಿಲ್ಲ, ಅರ್ಧ ಆಯ್ಕೆಗಳು 1 ಕೊಟ್ಟುಬಿಡುತ್ತವೆ.

—

ಹಾಸನದ ಅಮ್ಮ:

ನನ್ನ ಮಗಳೂ ಈ ವರ್ಷ ಬರೆಯುತ್ತಾಳೆ. ಕ್ರ್ಯಾಶ್ ಕೋರ್ಸ್‌ಗೆ ಸೇರಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಒಂದು ಕಡೆ ವಿಚಾರಿಸಿದೆವು, ಕೇಳಿದ ಹಣ ಕೇಳಿ ಇವರು ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಸೇರದೆ ಆಗುವುದಿಲ್ಲವಾ? ದಿನಕ್ಕೆ ಎಷ್ಟು ಟೆಸ್ಟ್ ಬರೆಯಬೇಕು? ಅವಳು ರಾತ್ರಿ 2 ಗಂಟೆವರೆಗೂ ಕೂತಿರುತ್ತಾಳೆ.

—

ಕಳೆದ ಬ್ಯಾಚ್ ಅಕ್ಕ:

ಆಂಟಿ, ನಾನು ಸೇರಿದ್ದೆ. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಉಪಯೋಗ ಆಯಿತು. ಆದರೆ ಆದ ಉಪಯೋಗವೆಲ್ಲ ವಾರಕ್ಕೆ ಎರಡು ಟೆಸ್ಟ್ ಬರೆಸಿದ್ದರಿಂದ. ಪಾಠವೆಲ್ಲ ಕಾಲೇಜಿನಲ್ಲಿ ಆದದ್ದೇ. ಟೆಸ್ಟ್ ಮನೆಯಲ್ಲೂ ಬರೆಯಬಹುದು. ಹಳೆಯ ಪ್ರಶ್ನೆಪತ್ರಿಕೆ, ಕೀ ಆನ್ಸರ್ ಎಲ್ಲ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ.

ಒಂದು ಎಚ್ಚರಿಕೆ. 2024ರ ಪೇಪರ್ ತೆಗೆದುಕೊಂಡರೆ ಗಾಬರಿ ಬೀಳಬೇಡಿ. ಆ ವರ್ಷ ಪಠ್ಯದಿಂದ ತೆಗೆದ ಭಾಗದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಗಿತ್ತು. ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ತುಂಬಾ ಹಳೆಯ ಪೇಪರ್‌ಗಳಲ್ಲೂ ಈಗ ಇಲ್ಲದ ಪಾಠಗಳ ಪ್ರಶ್ನೆ ಇರುತ್ತವೆ. ಈಗಿನ ಸಿಲಬಸ್ ಪಕ್ಕ ಇಟ್ಟುಕೊಂಡು ಅವನ್ನು ಹೊಡೆದುಹಾಕಿ, ಆಮೇಲೆ ಟೈಮ್ ಹಾಕಿ.

ದಿನಕ್ಕೊಂದು ಟೆಸ್ಟ್ ಬೇಡವೇ ಬೇಡ. ಬರೆದ ಟೆಸ್ಟನ್ನು ಬಿಚ್ಚಿ ನೋಡಲು ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ಮೇಷ್ಟ್ರು ಹಾನಗಲ್ ತಮ್ಮನ ಹತ್ತಿರ ಮಾಡಿಸಿದರಲ್ಲ, ಹಾಗೆ. ಮತ್ತೆ ಮಧ್ಯಾಹ್ನ 2.30ಕ್ಕೂ ಕೆಲವು ಟೆಸ್ಟ್ ಬರೆಸಿ. ಏಪ್ರಿಲ್ ಬಿಸಿಲು, ಬೆಳಿಗ್ಗೆ ಒಂದು ಪೇಪರ್ ಮುಗಿಸಿ, ಚಿತ್ರಾನ್ನ ತಿಂದು, ಎರಡನೇ ಪೇಪರ್‌ಗೆ ಕೂತಾಗ ಬರುವ ನಿದ್ದೆ ಇದೆಯಲ್ಲ, ಅದು ಯಾವ ಸಿಲಬಸ್ಸಿನಲ್ಲೂ ಇಲ್ಲ. ರಾತ್ರಿ 2ರವರೆಗೆ ಕೂರುವ ಹುಡುಗಿಗೆ ಅದು ಇನ್ನೂ ಕಷ್ಟ.

—

ಸಿ ಪಕ್ಷ:

ಇಷ್ಟೆಲ್ಲ ಯಾಕೆ? ಗೊತ್ತಿಲ್ಲದ್ದಕ್ಕೆಲ್ಲ ಸಿ ಹಾಕಿ. ಸಿ ಉತ್ತರ ಜಾಸ್ತಿ ಬರುತ್ತದೆ ಅಂತ ನಮ್ಮ ಸೀನಿಯರ್ ಹೇಳಿದ್ದ. 😄

—

ಪೈಪೆಟ್:

ಪ್ರಶ್ನೆಪತ್ರಿಕೆಗೆ ಬೇರೆ ಬೇರೆ ವರ್ಷನ್ ಕೋಡ್ ಇರುತ್ತದೆ. ನಿಮ್ಮ ಪೇಪರಿನ 14ನೇ ಪ್ರಶ್ನೆ ಪಕ್ಕದವನ ಪೇಪರಿನಲ್ಲಿ ಇನ್ನೆಲ್ಲೋ ಇರುತ್ತದೆ. ಸಿ ಅನ್ನುವುದಕ್ಕೆ ವಿಶೇಷ ಅದೃಷ್ಟ ಎಲ್ಲಿಂದ ಬರಬೇಕು? ನಿಮ್ಮ ಸೀನಿಯರ್ ಈಗ ಏನು ಮಾಡುತ್ತಿದ್ದಾರೆ ಅಂತ ಕೇಳುವ ಆಸೆ.

ಆದರೆ ಹೆಸರಿನಲ್ಲಿ ತಮಾಷೆ ಇದ್ದರೂ ಒಂದು ವಿಷಯ ಸರಿಯೇ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ಹಾನಗಲ್ ಹುಡುಗ 17 ಖಾಲಿ ಬಿಟ್ಟದ್ದು ಶುದ್ಧ ನಷ್ಟ. ಕಣ್ಣು ಮುಚ್ಚಿ ತುಂಬಿದ್ದರೂ ಸರಾಸರಿ ನಾಲ್ಕಕ್ಕೊಂದು, ಅಂದರೆ ನಾಲ್ಕು ಅಂಕದ ಸುತ್ತಮುತ್ತ ಬರುತ್ತಿತ್ತು. ಎರಡು ಆಯ್ಕೆಯನ್ನು ಹೊಡೆದುಹಾಕಲು ಆದರೆ ಅರ್ಧಕ್ಕರ್ಧ. ಕೊನೆಯ 4 ನಿಮಿಷ ಇದಕ್ಕೇ ಎತ್ತಿಡಿ. ಒಂದೂ ಖಾಲಿ ಇರಬಾರದು.

—

ನೀಟ್ ಮಾಡ್ತಿರೋಳು:

ನೀಟ್ ಬರೆಯುವವರು ಈ ಮಾತನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. 2025ರಿಂದ 180 ಪ್ರಶ್ನೆ, 180 ನಿಮಿಷ, ಮೊದಲಿದ್ದ ಆಯ್ಕೆ ಪ್ರಶ್ನೆಗಳೂ ಇಲ್ಲ.

—

ಪೈಪೆಟ್:

ಲೆಕ್ಕ ಹಾಕಿ ನೋಡಿದರೆ ಅಲ್ಲೂ ಕುರುಡು ಊಹೆಗೆ ಸರಾಸರಿ ಕಾಲು ಅಂಕ ಲಾಭವೇ. ನಾಲ್ಕರಲ್ಲಿ ಒಂದು ಸಲ 4 ಬರುತ್ತದೆ, ಮೂರು ಸಲ 1 ಹೋಗುತ್ತದೆ. ಎರಡು ಆಯ್ಕೆ ತೆಗೆದುಹಾಕಿದರೆ ಒಂದೂವರೆ ಅಂಕ ಲಾಭ. ಆದರೆ ಸರಾಸರಿ ಅನ್ನುವುದು ಲಕ್ಷ ಜನಕ್ಕೆ, ನೀವು ಬರೆಯುವುದು ಒಂದೇ ಸಲ. ಹತ್ತು ಕುರುಡು ಊಹೆಯಲ್ಲಿ ಹತ್ತೂ ಹೋಗಬಹುದು. ಹಾಗಾಗಿ ಅಲ್ಲಿ ಎರಡು ಆಯ್ಕೆಯಾದರೂ ಬಿದ್ದ ಮೇಲೆ ಕೈ ಹಾಕುವುದು ಒಳ್ಳೆಯದು. ಇಲ್ಲಿ ಆ ಚಿಂತೆಯೇ ಇಲ್ಲ.

—

ಐಸರ್ ಕನಸು:

ಪರೀಕ್ಷೆಗೊಂದು ಲಯ ಇರುತ್ತದೆ ಅಂತ ಒಪ್ಪುತ್ತೇನೆ. ನಾನು ಐಸರ್ (ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳು) ಪ್ರವೇಶ ಪರೀಕ್ಷೆ ಬರೆದಿದ್ದೆ. ಅಲ್ಲೂ 60 ಪ್ರಶ್ನೆಯೇ, ನಾಲ್ಕು ವಿಷಯಕ್ಕೆ ತಲಾ 15, ಆದರೆ ಟೈಮ್ 3 ಗಂಟೆ. ಒಂದು ಪ್ರಶ್ನೆಗೆ 3 ನಿಮಿಷ. ಸಿಇಟಿ ಅಭ್ಯಾಸದಲ್ಲಿ ಸರಸರ ಓಡಿ 70 ನಿಮಿಷಕ್ಕೆ ಮುಗಿಸಿ ಖುಷಿಪಟ್ಟೆ. ಆಮೇಲೆ ನೋಡಿದರೆ ಅಲ್ಲಿನ ಪ್ರಶ್ನೆ ಯೋಚನೆ ಮಾಡಲಿ ಅಂತಲೇ ಕೊಟ್ಟಿದ್ದು. ಅಲ್ಲಿ ನೆಗೆಟಿವ್ ಮಾರ್ಕಿಂಗ್ ಕೂಡ ಇದೆ. ಎರಡನ್ನೂ ಬರೆಯುವವರು ಬೇರೆ ಬೇರೆ ದಿನ ಅಭ್ಯಾಸ ಮಾಡಿ.

—

ಕೋಡಿಂಗ್ ಕೂಲಿ:

ಪಿಯು ಅಂಕ ಬಿಡಿ, ಸಿಇಟಿ ಒಂದೇ ಮುಖ್ಯ. ಎರಡು ತಿಂಗಳು ಬೋರ್ಡ್ ಪುಸ್ತಕ ಮುಟ್ಟದಿದ್ದರೂ ನಡೆಯುತ್ತದೆ.

—

ನಿವೃತ್ತ ಮೇಷ್ಟ್ರು:

ಮಾರಾಯ್ರೆ, ಮಕ್ಕಳು ಓದುತ್ತಿದ್ದಾರೆ, ಹೀಗೆಲ್ಲ ಹೇಳಬೇಡಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಸಿಇಟಿ ಅರ್ಧ. ಒಬ್ಬನಿಗೆ ಪಿಯುನಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂತು ಅನ್ನಿ. 90%ರ ಅರ್ಧ 45, 50%ರ ಅರ್ಧ 25, ಒಟ್ಟು 70. ಇದರ ಮೇಲೆ ರ‍್ಯಾಂಕ್.

ಹಾಂ, ಒಂದು ಅಂಕಕ್ಕೆ ಒಂದು ಅಂಕ ಹೋಲಿಸಿದರೆ ಸಿಇಟಿಯದ್ದೇ ಭಾರ. ಅದು 180ರಲ್ಲಿ ಒಂದು, ಪಿಯುದು 300ರಲ್ಲಿ ಒಂದು. ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ. ಆದರೆ ಪಿಯುನಲ್ಲಿ 5 ಅಂಕ ಎತ್ತುವುದು ಸುಲಭ, ಸಿಇಟಿಯಲ್ಲಿ 3 ಎತ್ತುವುದು ಕಷ್ಟ ಅಂತ ನನ್ನ ಅನುಭವ. ಬೋರ್ಡ್ ಮುಗಿಯುವವರೆಗೆ ಬೋರ್ಡಿಗೇ ಓದಿ, ವಾರಕ್ಕೊಂದು ಸಿಇಟಿ ಪೇಪರ್ ಸಾಕು. ಅಗ್ರಿ ಬೇಕು ಎಂದಿದ್ದ ಹುಡುಗ ಬಯಾಲಜಿಯನ್ನೂ ಮರೆಯಬಾರದು, ಅಲ್ಲಿ ನಾಲ್ಕೂ ವಿಷಯ ಲೆಕ್ಕಕ್ಕೆ ಬರುತ್ತವೆ. ಬಯಾಲಜಿಯಲ್ಲಿ ಟೈಮ್ ಸಾಲದ ಪ್ರಶ್ನೆಯೇ ಇಲ್ಲ, 40 ನಿಮಿಷಕ್ಕೆ ಮುಗಿಸಿ ಕಿಟಕಿ ನೋಡುವವರು ಇದ್ದಾರೆ. ಅಲ್ಲಿ ಬೇಕಾದ್ದು ಪಠ್ಯಪುಸ್ತಕವನ್ನು ಸಾಲು ಸಾಲಾಗಿ ಓದಿರುವುದು.

—

ಗಡಿನಾಡ ಕನ್ನಡತಿ:

ನಾನು ಕಾಸರಗೋಡಿನವಳು. ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಅರ್ಜಿ ಹಾಕಿದ್ದೇನೆ. ನಮಗೆ ಕನ್ನಡ ಪರೀಕ್ಷೆ ಬೇರೆ ಇದೆಯಂತೆ. ಅದಕ್ಕೂ ಟೈಮ್ ಸಮಸ್ಯೆ ಆಗುತ್ತದಾ?

—

ಕಳೆದ ಬ್ಯಾಚ್ ಅಕ್ಕ:

ಇಲ್ಲ ಕಣೇ, ಇಷ್ಟು ಚೆನ್ನಾಗಿ ಕನ್ನಡ ಬರೆಯುವವಳು ಅದಕ್ಕೆ ಹೆದರಬೇಕಿಲ್ಲ. 50 ಅಂಕ, 12 ಬಂದರೆ ಅರ್ಹತೆ. ಅದು ರ‍್ಯಾಂಕಿಗೆ ಸೇರುವುದಿಲ್ಲ. ದಿನಾಂಕ ಮಾತ್ರ ಬೇರೆ ಇರುತ್ತದೆ, ಹಾಲ್ ಟಿಕೆಟ್‌ನಲ್ಲಿ ನೋಡಿಕೋ.

ಹಾನಗಲ್ ತಮ್ಮಾ, ಹಳ್ಳಿಯವನು ಅಂದೆಯಲ್ಲ. 1ರಿಂದ 10ರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 5%. ಅದರ ಕಾಗದಪತ್ರ ಈಗಲೇ ವಿಚಾರಿಸು. ಟೈಮ್ ಉಳಿಸುವುದು ಅಂದರೆ ಇದೂ ಕೂಡ.

—

ಹಾನಗಲ್ ಹುಡುಗ:

ಎರಡೂ ಇದೆ ಅಕ್ಕ! ನಾಳೆಯೇ ಶಾಲೆಗೆ ಹೋಗಿ ಹೆಡ್‌ಮಾಸ್ತರರನ್ನು ಕೇಳುತ್ತೇನೆ. ಮೂರು ಭಾನುವಾರ ಬಿಟ್ಟು ಮತ್ತೆ ಬಂದು ವರದಿ ಒಪ್ಪಿಸುತ್ತೇನೆ.

—

ಹಾನಗಲ್ ಹುಡುಗ:

ವರದಿ. ಮೂರು ಪೇಪರ್ ಬರೆದೆ, 70 ನಿಮಿಷಕ್ಕೆ, ಓಎಂಆರ್ ಪ್ರಿಂಟ್ ಹಾಕಿಸಿ.

ಮೊದಲನೆಯದು 29. ಹೌದು, ಮೊದಲಿಗಿಂತ ಕಡಿಮೆ! ಗೆರೆ ಹಾಕುವುದರಲ್ಲೇ ಮುಳುಗಿ, 60ರಲ್ಲಿ 40ಕ್ಕೆ ಒಂದು ಗೆರೆ ಹಾಕಿಬಿಟ್ಟಿದ್ದೆ. ಹೆದರಿ ಎಲ್ಲವನ್ನೂ ಬಿಟ್ಟ ಹಾಗೆ ಆಯಿತು.

ಎರಡನೆಯದು 37. ಈ ಸಲ ಪರವಾಗಿಲ್ಲ. ಕನಿಷ್ಠ ದೂರದ ಲೆಕ್ಕ ಬಂತು ಸರ್, ನೋಡಿದ ತಕ್ಷಣ ಗೆರೆ ಹಾಕಿ ಮುಂದೆ ಹೋದೆ. ಕೈ ನಡುಗಿತು, ಆದರೂ ಹೋದೆ. ಕೊನೆಗೆ ಅದಕ್ಕೆ ಟೈಮೂ ಸಿಕ್ಕಿತು, ಸರಿಯೂ ಆಯಿತು.

ಮೂರನೆಯದು ಸರಿಯಾಗಿದ್ದರೆ 42 ಆಗಬೇಕಿತ್ತು. ಆದರೆ 33. 26ನೇ ಪ್ರಶ್ನೆ ಬಿಟ್ಟು 27ರ ಉತ್ತರವನ್ನು 26ರ ಸಾಲಿನಲ್ಲಿ ತುಂಬಿದ್ದೆ. ಹಾಗೇ 40ರವರೆಗೆ ಸರಿದುಕೊಂಡು ಹೋಗಿದೆ.

—

ಕಳೆದ ಬ್ಯಾಚ್ ಅಕ್ಕ:

ಅಯ್ಯೋ, ಇದು ನನಗೂ ಆಗಿತ್ತು. ಮನೆಯಲ್ಲಲ್ಲ, ನಿಜವಾದ ಪರೀಕ್ಷೆಯಲ್ಲೇ, ಕೆಮಿಸ್ಟ್ರಿಯಲ್ಲಿ. 23 ಬಿಟ್ಟಿದ್ದೆ, 41ಕ್ಕೆ ಬಂದಾಗ ಗೊತ್ತಾಯಿತು. ಪೆನ್ನಲ್ಲಿ ತುಂಬಿದ್ದು ಅಳಿಸಲು ಬರುವುದಿಲ್ಲ, ಎರಡು ತುಂಬಿದರೆ ಆ ಪ್ರಶ್ನೆ ಹೋದ ಹಾಗೆ. ಮೇಲ್ವಿಚಾರಕರನ್ನು ಕೇಳಿದೆ, ಅವರು ಪಾಪ ಏನು ಮಾಡುತ್ತಾರೆ. 18 ಪ್ರಶ್ನೆ ಹಾಗೇ ಬಿಟ್ಟು ಬಂದೆ. ಅದೃಷ್ಟಕ್ಕೆ ಮೂರೋ ನಾಲ್ಕೋ ಸರಿದ ಜಾಗದಲ್ಲೂ ಸರಿಯಾಗಿದ್ದವು.

ನೀನು ಹೀಗೆ ಮಾಡು. ಉತ್ತರವನ್ನು ಮೊದಲು ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕು. ಒಂದು ಪುಟ ಮುಗಿದ ಮೇಲೆ ಆ ಪುಟದವನ್ನು ಒಟ್ಟಿಗೆ ಓಎಂಆರ್‌ಗೆ ಇಳಿಸು, ಎಡಗೈ ಬೆರಳು ಪ್ರಶ್ನೆ ನಂಬರ್ ಮೇಲೆ ಇರಲಿ. ಬಾಯಲ್ಲಿ ಮೆಲ್ಲಗೆ "27, ಬಿ" ಅಂದುಕೋ. ಎಲ್ಲವನ್ನೂ ಕೊನೆಗೆ ಇಳಿಸುತ್ತೇನೆ ಅಂತ ಮಾತ್ರ ಇಟ್ಟುಕೊಳ್ಳಬೇಡ, ಕೊನೆಯ ಬೆಲ್ ಯಾರಿಗೂ ಕಾಯುವುದಿಲ್ಲ.

—

ನಿವೃತ್ತ ಮೇಷ್ಟ್ರು:

29 ಬಂದದ್ದು ಒಳ್ಳೆಯದೇ ಆಯಿತು, ಬಿಡುವುದಕ್ಕೂ ಒಂದು ಅಳತೆ ಇದೆ ಅಂತ ಗೊತ್ತಾಯಿತಲ್ಲ. 20ರ ಆಸುಪಾಸಿನಲ್ಲಿ ಗೆರೆ ಇದ್ದರೆ ಸರಿಯಾದ ದಾರಿ. ಈ ವಾರ ಹೊಸ ಪೇಪರ್ ಬೇಡ. ಆ ಮೂರನ್ನೇ ತೆಗೆದು, ಒಂದು ಗೆರೆ ಹಾಕಿದವನ್ನೆಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಬರೆ. ಯಾವ ಪಾಠದವು ಮತ್ತೆ ಮತ್ತೆ ಬರುತ್ತಿವೆ ನೋಡು. ನನ್ನ ಊಹೆ, ವೆಕ್ಟರ್ ಮತ್ತು ತ್ರೀಡಿ.

—

ಹಾನಗಲ್ ಹುಡುಗ:

ಸರ್, ನಿಮಗೆ ಹೇಗೆ ಗೊತ್ತಾಯಿತು? ನಿಜ, ತ್ರೀಡಿಯೇ ಜಾಸ್ತಿ. ಇನ್ನೊಂದು ಪ್ರಶ್ನೆ. ಕೈಗಡಿಯಾರ ಬಿಡುವುದಿಲ್ಲವಂತೆ. ಹಾಗಾದರೆ 35 ನಿಮಿಷ ಆಯಿತು ಅಂತ ಹೇಗೆ ತಿಳಿಯುವುದು?

—

ಕಳೆದ ಬ್ಯಾಚ್ ಅಕ್ಕ:

ಕೊಠಡಿಯಲ್ಲಿ ಗೋಡೆ ಗಡಿಯಾರ ಇದ್ದರೆ ಸರಿ. ಇಲ್ಲದಿದ್ದರೆ ಮೇಲ್ವಿಚಾರಕರನ್ನು ಕೇಳು, ಹೇಳುತ್ತಾರೆ. ಈಗಿನಿಂದಲೇ ಎರಡು ಟೆಸ್ಟನ್ನು ಗಡಿಯಾರ ಕಣ್ಣಿಗೆ ಕಾಣದ ಹಾಗೆ ಇಟ್ಟು ಬರೆ, ನಿನ್ನ ತಂಗಿಗೆ 35ಕ್ಕೆ ಮತ್ತು 65ಕ್ಕೆ ಕೂಗಲು ಹೇಳು.

—

ಹಾನಗಲ್ ಹುಡುಗ:

ತಂಗಿ ಒಪ್ಪಿದ್ದಾಳೆ. ಒಂದು ಕೂಗಿಗೆ 5 ರೂಪಾಯಿ ಕೇಳುತ್ತಿದ್ದಾಳೆ.